ಕೋಲ್ಕ್ಯಾನನ್ ಒಂದೇ ತುತ್ತಿನಲ್ಲಿ: ಪಾರ್ಟಿಗೆ ಐದು ರೂಪ, ನಿಮಗೆ ಯಾವುದು?

ಅಕ್ಟೋಬರ್ ಕೊನೆಗೆ ಹ್ಯಾಲೋವೀನ್, ಮಾರ್ಚ್ 17ಕ್ಕೆ ಸೇಂಟ್ ಪ್ಯಾಟ್ರಿಕ್ಸ್ ಡೇ. ಐರ್ಲೆಂಡಿನಲ್ಲಿ ಇರುವ ನಮ್ಮವರು ಈ ಎರಡು ಹೊತ್ತಿನಲ್ಲಿ ಮನೆಗೆ ಜನ ಕರೆಯುವುದು ಜಾಸ್ತಿ. ಆಗ ಬರುವ ಪ್ರಶ್ನೆಯೂ ಹೆಚ್ಚುಕಮ್ಮಿ ಒಂದೇ. "ಐರಿಷ್ ಅಡುಗೆ ಏನಾದ್ರೂ ಇರ್ಲಿ ಅಂತಿದೆ. ತಟ್ಟೆ, ಚಮಚ ಬೇಡ, ನಿಂತುಕೊಂಡೇ ತಿನ್ನೋ ಹಾಗಿರಬೇಕು. ಅರ್ಧ ಜನ ಮಾಂಸ ತಿನ್ನಲ್ಲ, ಒಂದಿಬ್ಬರು ಮೊಟ್ಟೆನೂ ಮುಟ್ಟಲ್ಲ. ಏನು ಮಾಡ್ಲಿ?"

ಕೋಲ್ಕ್ಯಾನನ್ ಮಾಡಿ ಅಂತ ನಾನು ಹೇಳುತ್ತೇನೆ. ಹಿಸುಕಿದ ಆಲೂಗಡ್ಡೆಗೆ ಸೊಪ್ಪು ಕಲಸಿದ ಐರಿಷ್ ಅಡುಗೆ ಅದು. ಐರಿಷ್ ಸ್ಟ್ಯೂ ಕುರಿಮಾಂಸದ್ದು, ಮೇಲಾಗಿ ನೀರುನೀರು. ಡಬ್ಲಿನ್ ಕಾಡಲ್ ಅಂದರೆ ಸಾಸೇಜ್, ಹಂದಿಮಾಂಸದ ತೆಳು ಹೋಳಾದ ರ‍್ಯಾಶರ್, ಆಲೂಗಡ್ಡೆ ಹಾಕಿ ಬೇಯಿಸಿದ ಸಾರು, ಅದನ್ನು ಬೆರಳಲ್ಲಿ ಹಿಡಿಯುವುದು ಹೇಗೆ? ಶೆಫರ್ಡ್ಸ್ ಪೈ, ಅಂದರೆ ಕುರಿ ಖೀಮಾ ಮೇಲೆ ಹಿಸುಕಿದ ಆಲೂಗಡ್ಡೆ ಹಾಕಿ ಬೇಕ್ ಮಾಡಿದ್ದನ್ನು, ಪುಟ್ಟದಾಗಿ ಮಾಡಬಹುದು, ಆದರೆ ಸಸ್ಯಾಹಾರಿಗಳಿಗೆ ಮತ್ತೊಂದು ಪಾತ್ರೆ ಇಡಬೇಕು. ಕೋಲ್ಕ್ಯಾನನ್‌ಗೆ ಈ ತಾಪತ್ರಯ ಇಲ್ಲ. ಆಲೂಗಡ್ಡೆ, ಕೇಲ್ (ಕೋಸಿನ ಜಾತಿಯ ಕಡುಹಸಿರು ಸೊಪ್ಪು) ಅಥವಾ ಎಲೆಕೋಸು, ಈರುಳ್ಳಿ ಸೊಪ್ಪು, ಹಾಲು, ಬೆಣ್ಣೆ. ಅಷ್ಟೇ. ಹ್ಯಾಲೋವೀನ್ ದಿನ ಮಾಂಸ ಬಿಡುವ ಪದ್ಧತಿ ಕ್ಯಾಥೊಲಿಕ್ ಐರ್ಲೆಂಡಿನಲ್ಲಿ ಬಹಳ ಕಾಲ ಇತ್ತು. ಆ ರಾತ್ರಿಯ ಊಟದಲ್ಲಿ ಕೋಲ್ಕ್ಯಾನನ್‌ಗೆ ಜಾಗ ಸಿಕ್ಕಿದ್ದಕ್ಕೆ ಅದೂ ಒಂದು ಕಾರಣ. ಹಾಗಾಗಿ ಮಾಂಸ ಇಲ್ಲದೆ ಬಡಿಸಿದರೆ ಏನೋ ಕಮ್ಮಿಯಾಯಿತು ಅಂತ ಯಾರೂ ಅಂದುಕೊಳ್ಳುವುದಿಲ್ಲ.

ತೊಡಕು ಬೇರೆ ಕಡೆ ಇದೆ. ತಟ್ಟೆಯ ಕೋಲ್ಕ್ಯಾನನ್ ಮೆತ್ತಗಿರುತ್ತದೆ. ಬಿಸಿ ಗುಡ್ಡೆಯ ನಡುವೆ ಒಂದು ಗುಳಿ, ಗುಳಿಯ ತುಂಬ ಕರಗಿದ ಬೆಣ್ಣೆ. ಅಂಚಿನಿಂದ ಒಂದೊಂದೇ ಚಮಚ ತೆಗೆದು, ಆ ಬೆಣ್ಣೆಗೆ ಅದ್ದಿ ತಿನ್ನುವುದು ಕ್ರಮ. ಕೈಯಲ್ಲಿ ಹಿಡಿಯುವ ತಿಂಡಿ ಮಾಡಬೇಕಾದರೆ ಹಾಲು, ಬೆಣ್ಣೆ ಎರಡನ್ನೂ ಕಡಿಮೆ ಮಾಡಿ ಗಟ್ಟಿ ಮಾಡಲೇಬೇಕು. ಗಟ್ಟಿ ಮಾಡಿದ ತಕ್ಷಣ ಅದರ ಮಜಾ ಅರ್ಧ ಹೋಗುತ್ತದೆ. ಹೋದ ಬೆಣ್ಣೆಯನ್ನು ಮತ್ತೆ ಎಲ್ಲಿಂದ ತರುತ್ತೀರಿ ಅನ್ನುವುದರ ಮೇಲೆ ಯಾವ ರೂಪ ಒಳ್ಳೆಯದು ಅನ್ನುವುದು ನಿಂತಿದೆ.

ಮೊದಲು ಇವನ್ನು ನೋಡಿಕೊಳ್ಳಿ

ಜನ ಬಂದ ಮೇಲೆ ನೀವು ಎಲ್ಲಿರಬೇಕು ಅಂತ ಯೋಚಿಸಿ. ಒಲೆ ಮುಂದೆಯೋ, ಅವರ ಜೊತೆಯೋ? ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ಎಷ್ಟೋ ಜನ ರುಚಿಯೊಂದನ್ನೇ ನೋಡಿ ಆರಿಸಿಕೊಂಡು, ಸಂಜೆಯಿಡೀ ಬಾಣಲೆ ಮುಂದೆ ಬೆವರು ಒರೆಸಿಕೊಳ್ಳುತ್ತಾ ನಿಂತಿರುತ್ತಾರೆ.

ಎರಡನೆಯದು, ತಣ್ಣಗಾದ ಮೇಲೆ ಹೇಗಿರುತ್ತದೆ. ಪಾರ್ಟಿಯಲ್ಲಿ ಯಾರೂ ಟ್ರೇ ಬಂದ ಕೂಡಲೇ ತಿನ್ನುವುದಿಲ್ಲ. ಮಾತಾಡುತ್ತಾ ಅರ್ಧ ಗಂಟೆ ಕಳೆಯುತ್ತದೆ.

ಮೂರನೆಯದು, ಯಾರು ಏನು ತಿನ್ನುವುದಿಲ್ಲ. ಮೊಟ್ಟೆ, ಗೋಧಿ, ಹಾಲು ಮೂರನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಚೀಸ್ ಹಾಕುವುದಾದರೆ ಪ್ಯಾಕೆಟ್ ಮೇಲೆ ಸಸ್ಯಾಹಾರಿ ಅಂತ ಇದೆಯೋ ನೋಡಿ. ಕೆಲವು ಚೀಸ್‌ಗೆ ಹಾಲು ಗಟ್ಟಿಯಾಗಲು ಪ್ರಾಣಿಮೂಲದ ರೆನೆಟ್ ಹಾಕಿರುತ್ತಾರೆ.

ಇನ್ನು ಖರ್ಚು. ಆಲೂಗಡ್ಡೆ, ಕೋಸು ಯಾವ ಊರಿನಲ್ಲೂ ದುಬಾರಿ ಅಲ್ಲ. ಬಿಲ್ ಏರುವುದು ಬೆಣ್ಣೆ, ಚೀಸ್, ಕರಿಯುವ ಎಣ್ಣೆ, ಪಫ್ ಪೇಸ್ಟ್ರಿಯಿಂದ. ಮನೆಯಲ್ಲಿ ಇಲ್ಲದ ಅಚ್ಚು, ಟ್ರೇ ಕೊಳ್ಳಬೇಕಾದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಐದಕ್ಕೂ ಹಿಟ್ಟು ಒಂದೇ

ಆಲೂಗಡ್ಡೆ 1 ಕಿಲೋ, ಕೇಲ್ 200 ಗ್ರಾಂ, ಬೆಣ್ಣೆ 60 ಗ್ರಾಂ, ಹಾಲು ಮೂರು ಚಮಚ, ಈರುಳ್ಳಿ ಸೊಪ್ಪು ಆರೇಳು ಎಳೆ, ಉಪ್ಪು, ಬಿಳಿ ಮೆಣಸಿನ ಪುಡಿ. ಇದರಲ್ಲಿ 25 ಗ್ರಾಂನ ಸುಮಾರು 40 ತುಂಡು ಆಗುತ್ತವೆ.

ಆಲೂಗಡ್ಡೆ ಬೆಂದ ಮೇಲೆ ಹಿಟ್ಟುಹಿಟ್ಟಾಗಿ ಉದುರುವ ಜಾತಿಯದ್ದಿರಲಿ. ಐರ್ಲೆಂಡಿನಲ್ಲಿ ರೂಸ್ಟರ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಸಿಪ್ಪೆ ಕೆಂಪು, ಒಳಗೆ ತಿಳಿ ಹಳದಿ. ಕೆರ್ಸ್ ಪಿಂಕ್ ಸಿಕ್ಕರೆ ಇನ್ನೂ ಚೆನ್ನ. ಬೆಂಗಳೂರಿನಲ್ಲಿ ಮಾಡುವವರು ಹೊಸ ಆಲೂಗಡ್ಡೆ ಬಿಟ್ಟು ಹಳೆಯದನ್ನು ತನ್ನಿ. ಹೊಸದರಲ್ಲಿ ನೀರಿನ ಅಂಶ ಜಾಸ್ತಿ, ಹಿಸುಕಿದರೆ ಅಂಟಂಟಾಗುತ್ತದೆ. ಕುಕ್ಕರ್‌ನಲ್ಲಿ ಬೇಯಿಸುವುದಾದರೆ ಆಲೂಗಡ್ಡೆ ನೀರಿನಲ್ಲಿ ಮುಳುಗದ ಹಾಗೆ, ಮೇಲಿನ ಪಾತ್ರೆಯಲ್ಲಿಟ್ಟು ಹಬೆಯಲ್ಲಿ ಬೇಯಿಸಿ.

ಸಿಪ್ಪೆ ಸಮೇತ ಬೇಯಿಸಿ, ಬಿಸಿ ಇದ್ದಾಗಲೇ ಸುಲಿದು, ಹಬೆ ಆರುವ ತನಕ ಬಿಟ್ಟು ಕೈಯಿಂದಲೇ ಹಿಸುಕಿ. ಮಿಕ್ಸಿಗೆ ಮಾತ್ರ ಹಾಕಬೇಡಿ. ಬ್ಲೇಡ್ ತಿರುಗಿದಾಗ ಆಲೂಗಡ್ಡೆಯ ಪಿಷ್ಟವೆಲ್ಲ ಹೊರಬಂದು ಗೋಂದಿನಂತಾಗುತ್ತದೆ. ಆಮೇಲೆ ಅದನ್ನು ಸರಿಮಾಡಲು ಆಗುವುದಿಲ್ಲ.

ಕೇಲ್‌ನ ನಡುವಿನ ದಂಟು ತೆಗೆದು, ಉಪ್ಪು ನೀರಿನಲ್ಲಿ ನಾಲ್ಕೈದು ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ. ಇನ್ನು ನಿಜವಾದ ಕೆಲಸ. ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಮೊದಲ ಸಲ ಹಿಂಡಿದಾಗ ಹಸಿರು ನೀರು ಧಾರೆಯಾಗಿ ಬರುತ್ತದೆ, ಸಾಕಾಯಿತು ಅನ್ನಿಸುತ್ತದೆ. ಸಾಕಾಗಿರುವುದಿಲ್ಲ. ಗಂಟನ್ನು ಬಿಚ್ಚಿ, ಸೊಪ್ಪನ್ನು ಬಿಡಿಸಿ, ಮತ್ತೆ ಕಟ್ಟಿ ಹಿಂಡಿದರೆ ಇನ್ನೊಂದಷ್ಟು ಬರುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು ಒಂದು ಬಿಗಿಯಾದ ಉಂಡೆ. ಅದನ್ನು ಸಣ್ಣಗೆ ಹೆಚ್ಚಿ. ಮುಂದೆ ತಿಂಡಿ ಒಡೆಯುವುದು, ಎಣ್ಣೆ ಸಿಡಿಯುವುದು, ತಳ ಒದ್ದೆಯಾಗುವುದು ಎಲ್ಲದಕ್ಕೂ ಇಲ್ಲಿ ಉಳಿದ ನೀರೇ ಕಾರಣ. ಕೇಲ್ ಸಿಗದಿದ್ದರೆ ಎಲೆಕೋಸು ಧಾರಾಳವಾಗಿ ನಡೆಯುತ್ತದೆ, ಐರಿಷ್ ಮನೆಗಳಲ್ಲೂ ಎರಡೂ ಬಳಕೆಯಲ್ಲಿವೆ. ಹೊರಗಿನ ಕಡುಹಸಿರು ಎಲೆಗಳನ್ನು ಎಸೆಯದೆ ಸೇರಿಸಿ.

ಈರುಳ್ಳಿ ಸೊಪ್ಪನ್ನು ಹಾಲು, ಬೆಣ್ಣೆ ಜೊತೆ ಬೆಚ್ಚಗೆ ಮಾಡಿ ಎಲ್ಲ ಕಲಸಿ. ಉಪ್ಪು ನೋಡಿಕೊಂಡು ಹಾಕಿ, ಅಮುಲ್‌ನಂಥ ಉಪ್ಪು ಬೆಣ್ಣೆಯಾದರೆ ಅದರಲ್ಲೇ ಸಾಕಷ್ಟು ಇರುತ್ತದೆ. ಆಮೇಲೆ ಕನಿಷ್ಠ ಎರಡು ಗಂಟೆ ಫ್ರಿಜ್‌ನಲ್ಲಿಡಿ, ಹಿಂದಿನ ರಾತ್ರಿಯೇ ಮಾಡಿಟ್ಟರೆ ಇನ್ನೂ ಒಳ್ಳೆಯದು. ತಣ್ಣಗಾದರೆ ಪಿಷ್ಟವೂ ಬೆಣ್ಣೆಯೂ ಬಿಗಿದುಕೊಂಡು ಹಿಟ್ಟು ಕೈಗೆ ಅಂಟುವುದಿಲ್ಲ.

ಜೀರಿಗೆ, ಶುಂಠಿ, ಹಸಿಮೆಣಸಿನಕಾಯಿ ಹಾಕಬಹುದಾ ಅಂತ ಕೇಳುವವರಿದ್ದಾರೆ. ಹಾಕಿ, ಯಾರು ಬೇಡ ಅಂದರು? ಆದರೆ ಆಗ ನೀವು ಮಾಡಿದ್ದು ಬೋಂಡದ ಪಲ್ಯ. ಬಂದವರಿಗೆ ಇಷ್ಟವೂ ಆಗುತ್ತದೆ. ಹೆಸರು ಮಾತ್ರ ಕೋಲ್ಕ್ಯಾನನ್ ಅನ್ನಬೇಡಿ.

1. ಕರಿದ ಉಂಡೆ

ರುಚಿಯೊಂದನ್ನೇ ನೋಡಿದರೆ ಇದೇ ಮೊದಲು. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಬೆಣ್ಣೆಯ ಗುಳಿಯನ್ನು ಇಲ್ಲಿ ಉಂಡೆಯ ಒಳಗೇ ಬಚ್ಚಿಡಬಹುದು. ಬೆಣ್ಣೆಗೆ ಈರುಳ್ಳಿ ಸೊಪ್ಪು ಕಲಸಿ, ಕಡಲೆಕಾಳಿನ ಗಾತ್ರದ ತುಂಡು ಮಾಡಿ ಫ್ರೀಜರ್‌ನಲ್ಲಿ ಕಲ್ಲಾಗಿಸಿ. ಪ್ರತಿ ಉಂಡೆಯ ನಡುವೆ ಒಂದೊಂದು ಇಟ್ಟು, ಬಿರುಕು ಬಿಡದ ಹಾಗೆ ಮುಚ್ಚಿ. ಮೈದಾ, ಮೊಟ್ಟೆ, ಬ್ರೆಡ್ ಪುಡಿ ಈ ಕ್ರಮದಲ್ಲಿ ಹೊರಳಿಸಿ, 175 ಡಿಗ್ರಿ ಎಣ್ಣೆಯಲ್ಲಿ ಮೂರರಿಂದ ನಾಲ್ಕು ನಿಮಿಷ ಕರಿಯಿರಿ. ಥರ್ಮಾಮೀಟರ್ ಇಲ್ಲದಿದ್ದರೆ ಚೂರು ಬ್ರೆಡ್ ಪುಡಿ ಹಾಕಿ ನೋಡಿ, ಕೂಡಲೇ ನೊರೆಯೆದ್ದು ಮೇಲೆ ಬರಬೇಕು.

ಮೊಟ್ಟೆ ಬೇಡವಾದರೆ ಮೈದಾ ಮತ್ತು ಕಾರ್ನ್‌ಫ್ಲೋರ್ ಸಮಸಮ ಸೇರಿಸಿ, ಚಮಚದ ಹಿಂಬದಿಗೆ ಅಂಟಿ ನಿಲ್ಲುವಷ್ಟು ದಪ್ಪಕ್ಕೆ ನೀರಿನಲ್ಲಿ ಕಲಸಿ. ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಬೆಣ್ಣೆ ಇಟ್ಟ ಉಂಡೆಗೆ ಎರಡು ಸಲ ಹೊದಿಕೆ ಹಾಕಿ. ಎಲ್ಲಾದರೂ ಸಣ್ಣ ಸಂದು ಉಳಿದರೆ ಬೆಣ್ಣೆ ಎಣ್ಣೆಗೆ ಸುರಿದು ಉಂಡೆ ಟೊಳ್ಳಾಗುತ್ತದೆ. ಬಡಿಸುವ ಮುಂಚೆ ಐದು ನಿಮಿಷ ಬಿಡಿ, ಒಳಗಿನ ಬೆಣ್ಣೆ ಚುರುಕ್ಕನೆ ಬಾಯಿ ಸುಡುತ್ತದೆ.

ಇದರ ಕಷ್ಟಗಳು ನಿಮಗೆ ಗೊತ್ತೇ ಇವೆ. ಎಣ್ಣೆ ಜಾಸ್ತಿ, ಮನೆಯೆಲ್ಲ ವಾಸನೆ. ಡಬ್ಲಿನ್‌ನ ಬಾಡಿಗೆ ಅಪಾರ್ಟ್‌ಮೆಂಟುಗಳಲ್ಲಿ ಕಿಟಕಿ ತೆಗೆಯದೆ ಕರಿದರೆ ಹೊಗೆ ಅಲಾರಾಂ ಕೂಗಿದರೂ ಕೂಗಬಹುದು. ಕರಿದ ಇಪ್ಪತ್ತು ನಿಮಿಷಕ್ಕೆ ಗರಿ ಇಳಿಯುತ್ತದೆ. ಒಂದು ಅನುಕೂಲ ಮಾತ್ರ ಬೇರೆ ಯಾವುದಕ್ಕೂ ಇಲ್ಲ. ಹೊದಿಕೆ ಹಾಕಿದ ಉಂಡೆಗಳನ್ನು ವಾರಗಟ್ಟಲೆ ಮುಂಚೆ ಮಾಡಿ ಫ್ರೀಜರ್‌ನಲ್ಲಿ ಇಡಬಹುದು. ಕರಗಿಸಬೇಕಿಲ್ಲ, ಉರಿ ಸ್ವಲ್ಪ ತಗ್ಗಿಸಿ ಹಾಗೇ ಕರಿಯಿರಿ, ಹೊತ್ತು ಮಾತ್ರ ಜಾಸ್ತಿ ಹಿಡಿಯುತ್ತದೆ. ಒಂದನ್ನು ಮುರಿದು ನಡುಭಾಗ ಬಿಸಿಯಾಗಿದೆಯೋ ನೋಡಿಕೊಳ್ಳಿ.

ಏರ್ ಫ್ರೈಯರ್? ಆಗುತ್ತದೆ. ಬ್ರೆಡ್ ಪುಡಿಯನ್ನು ಮೊದಲೇ ಸ್ವಲ್ಪ ಎಣ್ಣೆಯಲ್ಲಿ ಕೆಂಪಗೆ ಹುರಿದುಕೊಂಡು ಹೊರಳಿಸಿ, ಇಲ್ಲದಿದ್ದರೆ ಬೆಳ್ಳಗೇ ಉಳಿಯುತ್ತದೆ. ಒಳಗಿನ ಬೆಣ್ಣೆ ಮಾತ್ರ ಬೇಡ, ಹೊರಗೆ ಬಣ್ಣ ಬರುವಷ್ಟರಲ್ಲಿ ಸೋರಿಹೋಗುತ್ತದೆ.

2. ಮಿನಿ ಮಫಿನ್ ಟ್ರೇಯಲ್ಲಿ ಬೇಕ್ ಮಾಡಿದ್ದು

ಜನರ ಜೊತೆ ಕೂತು ಮಾತಾಡಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ. 24 ಗುಳಿಯ ಟ್ರೇಗೆ ಬೆಣ್ಣೆ ಸವರಿ, ಬ್ರೆಡ್ ಪುಡಿ ಉದುರಿಸಿ. ಹಿಟ್ಟಿಗೆ ಎರಡು ಮೊಟ್ಟೆ, ತುರಿದ ಚೆಡ್ಡರ್ 100 ಗ್ರಾಂ ಕಲಸಿ ತುಂಬಿ. ಪ್ರತಿಯೊಂದರ ನಡುವೆ ಚಮಚದ ಹಿಡಿಯಿಂದ ಒತ್ತಿ ಗುಳಿ ಮಾಡಿ. 200 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ಅಂಚು ಕಂದುಬಣ್ಣಕ್ಕೆ ತಿರುಗಿ ಗುಳಿಯ ಗೋಡೆ ಬಿಟ್ಟುಕೊಂಡಿರಬೇಕು. ತಟ್ಟೆಗೆ ಹಾಕಿದ ಮೇಲೆ ಆ ಗುಳಿಗಳಿಗೆ ಅರ್ಧರ್ಧ ಚಮಚ ಕರಗಿದ ಬೆಣ್ಣೆ ಬಿಡಿ. ನೋಡಿದವರಿಗೆ ಇದು ಕೋಲ್ಕ್ಯಾನನ್ ಅಂತ ಹೇಳಬೇಕಾಗಿಲ್ಲ, ತಟ್ಟೆಯ ರೂಪವೇ ಪುಟ್ಟದಾಗಿ ಬಂದಿರುತ್ತದೆ.

ಮೊಟ್ಟೆ ಇಲ್ಲದೆ ಮಾಡಬಹುದು. ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಹಾಕಿ, ಚೀಸ್ ಸ್ವಲ್ಪ ಹೆಚ್ಚಿಸಿ. ಆದರೆ ಅಷ್ಟು ಬಿಗಿಯಾಗಿ ನಿಲ್ಲುವುದಿಲ್ಲ. ಓವನ್‌ನಿಂದ ತೆಗೆದ ಮೇಲೆ ಹತ್ತು ನಿಮಿಷ ಟ್ರೇಯಲ್ಲೇ ಬಿಟ್ಟು, ಚಾಕು ಸುತ್ತಾಡಿಸಿ ಮೆಲ್ಲಗೆ ಎತ್ತಿ.

ಇದು ಉಗುರುಬೆಚ್ಚಗಿದ್ದರೂ ತಿನ್ನಬಹುದು. ಹೊರಗಿನ ಗರಿಗರಿ ಮಾತ್ರ ಮೊದಲನೆಯದರಷ್ಟು ಬರುವುದಿಲ್ಲ. ಟ್ರೇ ಇಲ್ಲದವರು ಇದೊಂದಕ್ಕಾಗಿ ಕೊಳ್ಳಬೇಕಾ? ವರ್ಷಕ್ಕೊಂದು ಪಾರ್ಟಿ ಮಾಡುವವರು ಬೇಡ, ನೆರೆಮನೆಯಲ್ಲಿ ಕೇಳಿ ನೋಡಿ.

3. ಕಾವಲಿಯ ಪುಟ್ಟ ಬಿಲ್ಲೆ

ಅತಿ ಕಡಿಮೆ ಖರ್ಚಿನದು, ಓವನ್ ಬೇಡ. ಹಿಟ್ಟಿಗೆ ಎರಡು ಚಮಚ ಕಾರ್ನ್‌ಫ್ಲೋರ್ ಸೇರಿಸಿ, ಎರಡು ಬೆರಳಗಲದ ಬಿಲ್ಲೆ ತಟ್ಟಿ, ಎಣ್ಣೆ ಮತ್ತು ಬೆಣ್ಣೆ ಎರಡೂ ಹಾಕಿದ ಕಾವಲಿಯಲ್ಲಿ ಬೇಯಿಸಿ. ಮೈದಾ ಇಲ್ಲ, ಮೊಟ್ಟೆ ಇಲ್ಲ, ಹಾಗಾಗಿ ಬೇಡ ಅನ್ನುವವರು ಕಡಿಮೆ. ಹಿಟ್ಟಿನಿಂದ ಹೊರಗೆ ಇಣುಕುವ ಕೇಲ್ ಚೂರುಗಳು ಕಾವಲಿಗೆ ತಾಗಿ ಕಪ್ಪಗೆ ಗರಿಯಾಗುತ್ತವಲ್ಲ, ಆ ರುಚಿ ಬೇರೆ ನಾಲ್ಕರಲ್ಲಿ ಸಿಗುವುದಿಲ್ಲ. ತಿರುವಿ ಹಾಕಲು ಅವಸರ ಬೇಡ. ತಳ ತಾನಾಗಿ ಬಿಡುವ ತನಕ, ಅಂದರೆ ನಾಲ್ಕು ನಿಮಿಷವಾದರೂ ಮುಟ್ಟಬೇಡಿ.

ಬೆಣ್ಣೆ ಇಲ್ಲಿ ಹೊರಗಿನಿಂದ ಬರುತ್ತದೆ, ಒಳಗೆ ಸ್ವಲ್ಪ ಒಣಗಿದಂತಿರುತ್ತದೆ. ಹಾಗಾಗಿ ಮೇಲೆ ಏನಾದರೂ ಬೇಕು. ಸಾಸಿವೆ ಪೇಸ್ಟ್ ಕಲಸಿದ ಗಟ್ಟಿ ಮೊಸರು, ಅಥವಾ ಟಿಪ್ಪರರಿಯ ಕ್ಯಾಶೆಲ್ ಬ್ಲೂ ಚೀಸ್‌ನ ಒಂದು ಚೂರು. ಮಾಂಸ ತಿನ್ನುವವರಿಗೆ ಗರಿಯಾಗಿ ಹುರಿದ ರ‍್ಯಾಶರ್ ಪುಡಿಯನ್ನು ಪಕ್ಕದ ಬಟ್ಟಲಲ್ಲಿಡಿ, ಅವರೇ ಹಾಕಿಕೊಳ್ಳಲಿ.

ಒಂದು ಸುತ್ತಿಗೆ ಹತ್ತು, ಹನ್ನೆರಡು ಆಗುತ್ತವೆ. ಎಂಟು ಜನರ ಕೂಟಕ್ಕೆ ಸರಿ. ಇಪ್ಪತ್ತೈದು ಜನ ಇದ್ದರೆ ಮೊದಲೇ ಬೇಯಿಸಿಟ್ಟು ಓವನ್‌ನಲ್ಲಿ ಬಿಸಿ ಮಾಡಬೇಕು. ಆಗ ಅದರ ಸ್ವಾರಸ್ಯ ಕಾಲುಭಾಗ ಹೋದ ಹಾಗೆ.

ಬಿಲ್ಲೆಯೇ ಬೇಕು ಅನ್ನುವವರು ಬಾಕ್ಸ್ಟಿಯನ್ನೂ ಯೋಚಿಸಬಹುದು. ಲೀಟ್ರಿಮ್, ಕ್ಯಾವನ್ ಕಡೆಯ ಆಲೂಗಡ್ಡೆ ದೋಸೆ ಅದು. ಹಸಿ ಆಲೂ ತುರಿ, ಬೇಯಿಸಿ ಹಿಸುಕಿದ ಆಲೂ, ಹಿಟ್ಟು, ಮಜ್ಜಿಗೆ ಸೇರಿಸಿ ಹುಯ್ಯುತ್ತಾರೆ. ರೂಪಾಯಿ ಅಗಲಕ್ಕಿಂತ ಸ್ವಲ್ಪ ದೊಡ್ಡದಾಗಿ ಹುಯ್ದರೆ ಅದೇ ತುತ್ತಿನ ತಿಂಡಿ. ಆದರೆ ಅದರ ಕಥೆಯೇ ಬೇರೆ, ಇಲ್ಲಿ ಬೇಡ.

4. ಬೇಬಿ ಆಲೂಗಡ್ಡೆ ಬಟ್ಟಲು

ಬೇಬಿ ಆಲೂಗಡ್ಡೆಗಳನ್ನು ಬೇಯಿಸಿ, ಅಡ್ಡಕ್ಕೆ ಎರಡು ಮಾಡಿ, ನಡುಭಾಗವನ್ನು ಟೀ ಚಮಚದಿಂದ ತೆಗೆದು ಕೋಲ್ಕ್ಯಾನನ್ ತುಂಬಿ, ಓವನ್‌ನಲ್ಲಿ ಕಾಲು ಗಂಟೆ ಇಡುವುದು. ಸಿಪ್ಪೆಯೇ ಬಟ್ಟಲಾಗುವುದರಿಂದ ಒಳಗಿನದು ಗಟ್ಟಿ ಇರಬೇಕಿಲ್ಲ. ಐದರಲ್ಲಿ ಹಾಲು, ಬೆಣ್ಣೆ ಎರಡನ್ನೂ ಧಾರಾಳವಾಗಿ ಹಾಕಬಹುದಾದದ್ದು ಇದೊಂದೇ. ತಟ್ಟೆಯ ಕೋಲ್ಕ್ಯಾನನ್ ಮೆತ್ತಗೆ ಹೇಗಿರುತ್ತದೋ ಹಾಗೇ ಬರುತ್ತದೆ. ಗೋಧಿ, ಮೊಟ್ಟೆ ಎರಡೂ ಇಲ್ಲ.

ಬೆಲೆ ತೆರಬೇಕಾಗಿರುವುದು ಸಮಯದಲ್ಲಿ. ಒಂದೊಂದರ ಒಳಗೂ ಚಮಚ ಹಾಕಿ, ಸಿಪ್ಪೆ ಹರಿಯದ ಹಾಗೆ ತೆಗೆಯಬೇಕು. ತಳವನ್ನು ಚೂರು ಸವರದಿದ್ದರೆ ಟ್ರೇಯಲ್ಲಿ ಉರುಳಾಡುತ್ತವೆ. 20ರ ತನಕ ತಾಳ್ಮೆ ಇರುತ್ತದೆ, 60 ಮಾಡಲು ಕೂತರೆ ಜೊತೆಗೊಬ್ಬರು ಬೇಕು. ಫ್ರೀಜರ್‌ಗೂ ಆಗಿಬರುವುದಿಲ್ಲ, ಕರಗಿದಾಗ ನೀರು ಬಿಡುತ್ತವೆ. ಬೆಳಿಗ್ಗೆ ತುಂಬಿ ಫ್ರಿಜ್‌ನಲ್ಲಿಟ್ಟು ಸಂಜೆ ಬಿಸಿ ಮಾಡಬಹುದು, ಆಗ ಕಾಲು ಗಂಟೆ ಸಾಲದು, ಐದಾರು ನಿಮಿಷ ಹೆಚ್ಚಿಗೆ ಇಡಿ.

5. ಪಫ್ ಪೇಸ್ಟ್ರಿ ಕಪ್

ನೋಡಲು ಬಹಳ ಚಂದ. ಪಫ್ ಹಾಳೆಯನ್ನು ಚೌಕವಾಗಿ ಕತ್ತರಿಸಿ ಮಫಿನ್ ಗುಳಿಯೊಳಗೆ ಒತ್ತಿ, ಕೋಲ್ಕ್ಯಾನನ್ ತುಂಬಿ, 200 ಡಿಗ್ರಿಯಲ್ಲಿ 20 ನಿಮಿಷ. ಅಂಗಡಿಯ ಹಾಳೆ ತಂದರೆ ಕೆಲಸವೂ ಕಡಿಮೆ. ನನಗೆ ಮಾತ್ರ ಇದು ಅಷ್ಟಕ್ಕಷ್ಟೆ. ಮೈದಾದೊಳಗೆ ಆಲೂಗಡ್ಡೆ, ಪಿಷ್ಟದ ಮೇಲೆ ಪಿಷ್ಟ. ಎರಡು ತಿನ್ನುವಷ್ಟರಲ್ಲಿ ಹೊಟ್ಟೆ ಭಾರ. ಖರ್ಚೂ ಜಾಸ್ತಿ. ಇದನ್ನೇ ಮಾಡುವುದಾದರೆ ಕೇಲ್ ಎರಡರಷ್ಟು ಮಾಡಿ, ಆಲೂಗಡ್ಡೆ ಕಡಿಮೆ ಮಾಡಿ, ಜೊತೆಗೆ ಹುಳಿಯಾದದ್ದು ಏನಾದರೂ ಇರಲಿ. ಕಾರ್ಕ್ ಕಡೆಯ ಬ್ಯಾಲಿಮಲೂ ಟೊಮೆಟೊ ರೆಲಿಶ್ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಹಾಗಾದರೆ ಯಾವುದು?

ಇಪ್ಪತ್ತಕ್ಕಿಂತ ಹೆಚ್ಚು ಜನ, ಮನೆಯಲ್ಲಿ ಓವನ್ ಇದೆ, ನಿಮಗೂ ಮಾತಾಡುವ ಆಸೆ ಇದೆ: ಮಫಿನ್ ಟ್ರೇ. ಮೊಟ್ಟೆ ಹಾಕಿದ್ದನ್ನೂ ಹಾಕದ್ದನ್ನೂ ಬೇರೆ ಬೇರೆ ಟ್ರೇಯಲ್ಲಿ ಮಾಡಿ, ಹಾಕದ್ದರ ಮೇಲೆ ಈರುಳ್ಳಿ ಸೊಪ್ಪು ಉದುರಿಸಿ ಗುರುತು ಇಟ್ಟುಕೊಳ್ಳಿ.

ಆರೆಂಟು ಜನ, ಅಡುಗೆಮನೆಯಲ್ಲೇ ನಿಂತು ಹರಟುವ ಆಪ್ತರು: ಕಾವಲಿಯ ಬಿಲ್ಲೆ. ಕಾವಲಿಯಿಂದ ಇಳಿದದ್ದು ನೇರ ಕೈಗೆ ಹೋಗಲಿ. ಕೈಯಲ್ಲಿ ದುಡ್ಡು ಕಡಿಮೆ ಇರುವ, ಒಂದೇ ಒಲೆ ಹಂಚಿಕೊಂಡಿರುವ ವಿದ್ಯಾರ್ಥಿಗಳಿಗೂ ಇದೇ.

ವಾರವೆಲ್ಲ ಆಫೀಸು, ಪಾರ್ಟಿಯ ದಿನ ಏನೂ ಮಾಡಲು ಹೊತ್ತಿಲ್ಲ: ಹಿಂದಿನ ವಾರಾಂತ್ಯ ಉಂಡೆ ಮಾಡಿ ಫ್ರೀಜರ್‌ನಲ್ಲಿಡಿ. ಆವತ್ತು ಕರಿಯಲು ಮನೆಯಲ್ಲಿ ಇನ್ನೊಬ್ಬರನ್ನು ಒಪ್ಪಿಸಿ. ಯಾರೂ ಒಪ್ಪದಿದ್ದರೆ ಈ ದಾರಿ ಬಿಡಿ.

ಗೋಧಿ ತಿನ್ನದವರು ಬರುತ್ತಿದ್ದಾರೆ, ಅವರಿಗೇ ಅಂತ ಬೇರೆ ತಟ್ಟೆ ಮಾಡಿ ಮುಜುಗರ ಮಾಡುವುದು ಬೇಡ: ಬೇಬಿ ಆಲೂಗಡ್ಡೆ, ಎಲ್ಲರಿಗೂ ಅದೇ. ಹಾಲು ಬೇಡದವರೂ ಇದ್ದರೆ ಬೆಣ್ಣೆಯ ಬದಲು ಆಲಿವ್ ಎಣ್ಣೆ ಹಾಕಿ ಒಂದಿಷ್ಟು ಬೇರೆ ಮಾಡಬಹುದು, ಆದರೆ ಕೋಲ್ಕ್ಯಾನನ್‌ನಿಂದ ಬೆಣ್ಣೆ ತೆಗೆದರೆ ಉಳಿಯುವುದು ಸೊಪ್ಪು ಹಾಕಿದ ಆಲೂಗಡ್ಡೆ, ಅಲ್ವಾ?

ಎರಡು ರೂಪ ಒಟ್ಟಿಗೆ ಮಾಡುವ ಮನಸ್ಸಿದ್ದರೆ ಮಫಿನ್ ಟ್ರೇಯ ಜೊತೆ ಉಂಡೆ ಸರಿ. ಓವನ್ ಒಂದನ್ನು ನೋಡಿಕೊಳ್ಳುತ್ತದೆ, ಒಲೆ ಇನ್ನೊಂದನ್ನು. ಮಫಿನ್ ಮತ್ತು ಬೇಬಿ ಆಲೂ ಜೊತೆಮಾಡಬೇಡಿ, ಎರಡಕ್ಕೂ ಒಂದೇ ಓವನ್, ಒಂದೇ ಹೊತ್ತು ಬೇಕು.

ಹ್ಯಾಲೋವೀನ್‌ಗೆ ಮಾಡುವವರಿಗೆ ಇನ್ನೊಂದು ಮಾತು. ಹಿಂದೆ ಕೋಲ್ಕ್ಯಾನನ್ ಒಳಗೆ ಉಂಗುರ, ನಾಣ್ಯ, ಹೊಲಿಗೆಯ ಬೆರಳುಟೋಪಿ ಬಚ್ಚಿಡುತ್ತಿದ್ದರು. ಉಂಗುರ ಸಿಕ್ಕವರಿಗೆ ಬೇಗ ಮದುವೆ, ನಾಣ್ಯ ಸಿಕ್ಕವರಿಗೆ ದುಡ್ಡು, ಬೆರಳುಟೋಪಿ ಸಿಕ್ಕ ಹುಡುಗಿಗೆ ಮದುವೆಯೇ ಇಲ್ಲ ಅಂತ ನಂಬಿಕೆ. ತಟ್ಟೆಯಲ್ಲಿ ಚಮಚದಿಂದ ಕೆದಕಿ ತಿನ್ನುವಾಗ ಅದು ಆಟ. ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳುವ ಉಂಡೆಯಲ್ಲಿ ಬೇಡವೇ ಬೇಡ, ಹಲ್ಲು ಹೋದೀತು, ಮಕ್ಕಳ ಗಂಟಲಿಗೆ ಸಿಕ್ಕಿಕೊಂಡೀತು. ಆಟ ಬೇಕೇ ಬೇಕು ಅಂದರೆ ಒಂದೆರಡು ಉಂಡೆಗಳಲ್ಲಿ ಬೆಣ್ಣೆಯ ಬದಲು ಚೀಸ್ ಇಡಿ, ಅದು ಸಿಕ್ಕವರಿಗೆ ಉಂಗುರ ಸಿಕ್ಕಿತು ಅಂತ ಲೆಕ್ಕ.

ಎಷ್ಟು ಮಾಡಬೇಕು ಅನ್ನುವುದು ಊಟ ಇದೆಯೋ ಇಲ್ಲವೋ ಅನ್ನುವುದರ ಮೇಲೆ. ಮುಂದೆ ಊಟ ಇದ್ದರೆ ತಲೆಗೆ ನಾಲ್ಕು ಸಾಕು. ಇದೇ ಊಟವಾದರೆ ಬೇರೆ ತಿಂಡಿಗಳನ್ನೂ ಸೇರಿಸಿ ತಲೆಗೆ ಹತ್ತು, ಹನ್ನೆರಡು ಅಂತ ಇಟ್ಟುಕೊಳ್ಳಿ, ಅದರಲ್ಲಿ ಕೋಲ್ಕ್ಯಾನನ್ ಅರ್ಧಕ್ಕಿಂತ ಹೆಚ್ಚಾಗದಿರಲಿ. ಉಳಿದ ಹಿಟ್ಟು ಎರಡು ದಿನ ಫ್ರಿಜ್‌ನಲ್ಲಿರುತ್ತದೆ. ಮಾರನೆ ದಿನ ಬೆಳಿಗ್ಗೆ ದಪ್ಪಗೆ ತಟ್ಟಿ ಕಾವಲಿಗೆ ಹಾಕಿ, ಪಕ್ಕದಲ್ಲಿ ಒಂದು ಮೊಟ್ಟೆ ಹುರಿದುಕೊಂಡರೆ ತಿಂಡಿಗೆ ಬೇರೇನೂ ಬೇಕಾಗುವುದಿಲ್ಲ.